ನಳಿಗೆಯೊಳಗಿನ ಭಂಡಾರ

ಗಿಡ್ಡ ನಳಿಗೆಯ ರಿವಾಲ್ವರ್ ಅಂದರೆ ಜನಕ್ಕೆ ಆಟಿಕೆ. ಗದ್ವಾಲದಲ್ಲಿ ಹತ್ತಿಬೀಜದ ಸಾಹುಕಾರರಿಗೆ ನಾನು ಕಾವಲಿದ್ದಷ್ಟು ಕಾಲವೂ ಅದನ್ನು ನೋಡಿ ನಕ್ಕವರೇ ಹೆಚ್ಚು. ಮಿಲಿಟರಿಯಲ್ಲಿ ಉದ್ದ ಬಂದೂಕು ಹಿಡಿದು ಬಂದವನಿಗೆ ಗೊತ್ತು, ಗಿಡ್ಡದ್ದೇ ಹೆಚ್ಚು ಮೊಂಡು. ತೂಕ ಕಡಿಮೆ, ಮದ್ದು ಜೋರು. ಹೊಡೆದಾಗ ಮೂತಿ ಮೇಲಕ್ಕೆ ಚಿಮ್ಮುತ್ತದೆ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಬೆರಳು ಗುಂಡು ತುಂಬುವ ಸಿಲಿಂಡರಿನ ಮುಂದಕ್ಕೆ ಹೋದರೆ ಸಂದಿನಿಂದ ಬರುವ ಬೆಂಕಿ ಸುಡುತ್ತದೆ. ಗುರಿ ಕೂಡುವವರೆಗೆ ಟ್ರಿಗರ್ ಮುಟ್ಟಬಾರದು. ಹೊಸ ಕಾವಲುಗಾರರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆಯಿತು.

ಕಳೆದ ಬೇಸಿಗೆಯಿಂದ ಬಲಗೈ ನಡುಗತೊಡಗಿತು. ಇದು ಹೋಗುವ ನಡುಕವಲ್ಲ ಎಂದರು ರಾಯಚೂರಿನ ಡಾಕ್ಟರು. ಮಖ್ತಲದ ಮನೆಯಲ್ಲಿ ಹೆಂಡತಿ, ಚೆಲ್ಲಬಾರದೆಂದು, ಚಹಾ ಅರ್ಧ ಗ್ಲಾಸು ಕೊಡತೊಡಗಿದಳು. ಅವಳೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಸಾಹುಕಾರರ ಕಣ್ಣಿಗೆ ಮಾತ್ರ ಬಿದ್ದೇಬಿಟ್ಟಿತು. ಸೋಮವಾರ ಧರೂರಿನ ಆಚೆಯ ಫೈರಿಂಗ್ ಮೈದಾನದಲ್ಲಿ ಹೊಡೆದು ತೋರಿಸು, ಆಗದಿದ್ದರೆ ರಿವಾಲ್ವರ್ ಒಪ್ಪಿಸಿ ಮನೆಗೆ ಹೋಗು ಎಂದರು. ಮನೆಯಲ್ಲಿ ಪರೀಕ್ಷೆ ಇದೆ ಎಂದಷ್ಟೇ ಹೇಳಿದೆ. ನನಗೆ ಅಂಥ ಭಯವೇನೂ ಇರಲಿಲ್ಲ. ಎರಡೂ ಕೈ ಬಿಗಿದು ಹಿಡಿದರೆ ನಡುಕ ಅಡಗುತ್ತಿತ್ತು. ಖಾಲಿ ರಿವಾಲ್ವರ್ ಹಿಡಿದು ಗೋಡೆಯ ಮುಂದೆ ನಿಂತು ನೋಡಿಕೊಂಡಿದ್ದೆ.

ಮೈದಾನದಲ್ಲಿ ಪರೀಕ್ಷೆ ಮಾಡುವವನು ಗುಂಡು ಕೊಟ್ಟ. ತುಂಬುವ ಮೊದಲು ತೆರೆದು ನೋಡುವುದು ನನ್ನ ಅಭ್ಯಾಸ. ಮೂತಿ ನೆಲಕ್ಕೆ ಮಾಡಿ ಸಿಲಿಂಡರ್ ತೆರೆದರೆ ಒಳಗೆಲ್ಲ ಹಳದಿ. ನಳಿಗೆಯ ತುಂಬ ಎಣ್ಣೆಯಲ್ಲಿ ಕಲಸಿದ ಭಂಡಾರ ಮೆತ್ತಿತ್ತು, ನಮ್ಮ ಮೈಲಾರಲಿಂಗನ ಅರಿಶಿನ. ನಾವು ಕುರುಬರು, ದಸರೆಗೆ ಕುಡುಗೋಲು ಕೊಡಲಿಗೆಲ್ಲ ಭಂಡಾರ ಹಚ್ಚುವವರು. ರಿವಾಲ್ವರಿನ ಹಿಡಿಕೆಗೆ ಒಂದು ಬೊಟ್ಟು ಸಾಕು, ಒಳಗೆ ಬೇಡ ಎಂದು ಪ್ರತಿ ದಸರೆಗೂ ಹೆಂಡತಿಯೊಡನೆ ಜಗಳವಾಡುತ್ತಿದ್ದೆ. ಹಿಂದಿನ ದಿನ ಭಾನುವಾರ, ದೇವರ ವಾರ. ರಿವಾಲ್ವರ್ ಇಡುವ ಟ್ರಂಕಿನ ಕೀಲಿ ಅವಳ ಬಳಿಯೇ ಇತ್ತು.

ಕಟ್ಟಿಕೊಂಡ ನಳಿಗೆಯಿಂದ ಹೊಡೆದರೆ ಅದು ಕೈಯಲ್ಲೇ ಸಿಡಿದೀತು. ಮೊದಲು ಸ್ವಚ್ಛ ಮಾಡು ಎಂದು ಪರೀಕ್ಷೆಯವನು ಬ್ರಷ್ ಕೊಟ್ಟ. ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು. ಎಡಗೈಯಲ್ಲಿ ರಿವಾಲ್ವರ್, ಬಲಗೈಯಲ್ಲಿ ಬ್ರಷ್. ಬಿಗಿದು ಹಿಡಿಯಲು ಇನ್ನೊಂದು ಕೈ ಎಲ್ಲಿಂದ ತರಲಿ? ಬ್ರಷ್ ನಳಿಗೆಯ ಬಾಯಿಗೆ ಬಡಿಯಿತು, ಜಾರಿತು, ಮತ್ತೆ ಬಡಿಯಿತು. ಒಳಗೆ ಹೋಗಲೇ ಇಲ್ಲ.

“ಸಾಕು ಬಿಡಪಾ. ಇಲ್ಲಿಡು ಅದನ್ನ,” ಎಂದರು ಸಾಹುಕಾರರು, ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು.

ಬಸ್ಸಿನಲ್ಲಿ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಆಮೇಲೆ ಅದೂ ಇಳಿಯಿತು. ಈ ಕೈ ಇಂದಲ್ಲ ನಾಳೆ ಸಿಕ್ಕಿಬೀಳುವುದೇ ಆಗಿತ್ತು. ಇನ್ನು ಇದಕ್ಕೆ ಯಾರೂ ಏನನ್ನೂ ನಂಬಿ ಕೊಡುವುದಿಲ್ಲ.

ಅವಳು ಬಾಗಿಲಲ್ಲೇ ಕಾಯುತ್ತಿದ್ದಳು.

“ಕೈ ನಡುಗಿತೇನ್ರಿ?”

“ಇಲ್ಲ.”

ವಯಸ್ಸಾಯಿತೆಂದು ಬಿಡಿಸಿದರು, ರಿವಾಲ್ವರ್ ಅಲ್ಲೇ ಒಪ್ಪಿಸಿ ಬಂದೆ ಎಂದೆ. ಕೆಲಸ ಹೋದ ಮಾತು ಅವಳ ಕಿವಿಗೇ ಬೀಳಲಿಲ್ಲ.

“ನಡುಗಲಿಲ್ಲಲ್ಲ, ಅಷ್ಟು ಸಾಕ್ರಿ. ನಿಮಗ ಹೇಳದೆ, ಒಳಗೆಲ್ಲ ಭಂಡಾರ ಹಚ್ಚಿದ್ದೆ. ಮೈಲಾರಪ್ಪ ನನ್ನ ಮಾತು ಕೇಳ್ಯಾನ.”

ಅವಳ ಮುಖ ಅಷ್ಟು ಅರಳಿದ್ದನ್ನು ನೋಡಿ ತಿಂಗಳುಗಳಾಗಿದ್ದವು. ಒಳಗೆ ಹೋಗಿ ಚಹಾ ತಂದು ನನ್ನ ಮುಂದಿಟ್ಟಳು. ಗ್ಲಾಸು ಅಂಚಿನವರೆಗೂ ತುಂಬಿತ್ತು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು, ಬಿಸಿ ಐತಿ, ಆರಲಿ ಎಂದೆ.