ಹಸಿವೋ, ನೀರಡಿಕಿಯೋ?

ಕುರೆಕುಪ್ಪದಾಗ ನಮ್ಮ ಬಾಜೂ ಮನ್ಯಾಗ ಒಬ್ರು ಕ್ರೇನ್ ಆಪರೇಟರ್ ಇದ್ರು. ಹೊರಗ ಅದಿರಿನ ಕೆಂಪು ಧೂಳು ಅಂತ ಕುಂಡ ಎಲ್ಲಾ ಮನಿ ಒಳಗ ಇಟ್ಟಿದ್ರು. ಯಾವ ಗಿಡ ಬಾಡಿದ್ರೂ ಮಣ್ಣಾಗ ಬೆರಳು ಇಳಿಸಿ ಗಿಡಾನೇ ಕೇಳ್ತಿದ್ರು: "ಏನಪ್ಪಾ, ಹಸಿವೋ, ನೀರಡಿಕಿಯೋ?" ಮಣ್ಣು ಒಣಗಿದ್ರ ನೀರು ಹಾಕೋರು. ತ್ಯಾವ ಇದ್ರ ನೀರು ಬ್ಯಾಡ. ಗೊಬ್ಬರ ಅಪರೂಪಕ್ಕೊಮ್ಮೆ, ಅದೂ ನೀರಾಗ ಭಾಳ ತೆಳ್ಳಗ ಕಲಸಿ. ನಂಗ ಗಿಡದ ಹುಚ್ಚು ಹತ್ತಿದ್ದು ಅವರನ್ನ ನೋಡೇ.

ಒಮ್ಮೆ ಅವರ ಪೀಸ್ ಲಿಲಿ, ಬಿಳಿ ಹೂವಿನ ಗಿಡ, ಮೊದಲ್ನೇ ಸಲ ಮೊಗ್ಗು ಬಿಟ್ಟಿತ್ತು. ದಿನಾ ನನ್ನ ಕರದು ತೋರಸ್ತಿದ್ರು. ಆಗ ಬುಕ್ಕಸಾಗರದಿಂದ ಅವರ ಅತ್ತಿ ಬಂದ್ರು, ಭತ್ತ ಬೆಳಿಯೋರು. ಅಳಿಯ ಡ್ಯೂಟಿಗೆ ಹೋದಾಗ, ಪಾಪ ಗಿಡ ಸೊರಗೇತಿ ಅಂತ, ಊರಿಂದ ತಂದಿದ್ದ ಯೂರಿಯಾ ಒಂದು ಹಿಡಿ ಕುಂಡಕ್ಕ ಉಗ್ಗಿಬಿಟ್ರು.

ಅಳಿಯ ಬಂದು ನೋಡಿದ್ರು, ಬೈಲಿಲ್ಲ. ಮೇಲಿನ ಕಾಳು ಬಳದು ತಗದು, ಬಚ್ಚಲದಾಗ ನಲ್ಲಿ ಕೆಳಗ ಕುಂಡ ಇಟ್ಟು, ತಳದಿಂದ ನೀರು ಹರಿಯೋಹಂಗ ಭಾಳ ಹೊತ್ತು ತೊಳದ್ರು.

"ಗದ್ದಿಗೆ ಇಷ್ಟು ಹಾಕಿದ್ರ ಏನೂ ಆಗಂಗಿಲ್ಲರಿ," ಅಂದ್ರು ಅತ್ತಿ.

"ಗದ್ದಿ ದೊಡ್ಡದರಿ. ಇದರ ಹೊಟ್ಟಿ ಇಷ್ಟೇ ಐತಿ."

ಅತ್ತಿ ಮುಖ ಸಣ್ಣ ಮಾಡ್ಕೊಂಡು ಊಟಕ್ಕ ಬರಲಿಲ್ಲ. ಇವರೇ ತಾಟು ತಗೊಂಡು ಹೋಗಿ ಕೇಳಿದ್ರು: "ಅತ್ತಿ, ಹಸಿವೋ, ನೀರಡಿಕಿಯೋ?"

"ಸ್ವಲ್ಪ ನೀಡ್ರಿ," ಅಂದ್ರು ಅತ್ತಿ. "ಹೆಚ್ಚಾದ್ರ ನನ್ನೂ ನಲ್ಲಿ ಕೆಳಗ ಕುಂದ್ರಸ್ತೀರಿ!"

ಎಲಿ ತುದಿ ಸುಟ್ವು, ಮೊಗ್ಗು ಮಾತ್ರ ಅರಳಿತು. ಆವತ್ತು ನನ್ನ ಕರದು ತೋರಿಸಿದ್ದು ಅತ್ತಿ.