ಇಕ್ಕಳಣ್ಣ ಹದ ಮಾಡಿದ ನೀರು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಕುದಿಯುವ ಪಾತ್ರೆಯ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿಡುತ್ತಿದ್ದ, ಒಲೆಯ ಮೇಲಿನ ಬಾಣಲೆಯನ್ನು ಬಟ್ಟೆಯ ಹಂಗಿಲ್ಲದೆ ಇಳಿಸುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಇಕ್ಕಳಣ್ಣ. ಹೊಸದಾಗಿ ಸೇರಿದ ಅಡುಗೆಯವರು ಬಾಯಿ ಬಿಟ್ಟುಕೊಂಡು ನೋಡಿದರೆ ಅವನಿಗೆ ಒಳಗೊಳಗೇ ಖುಷಿ. "ಕೈಯನ್ನ ಮುದ್ದು ಮಾಡಬಾರದು, ಪಳಗಿಸ್ಬೇಕು" ಎಂದು ಬುದ್ಧಿ ಬೇರೆ ಹೇಳುತ್ತಿದ್ದ.

ಇಂಥ ಮನುಷ್ಯ ನಿವೃತ್ತನಾಗಿ ಮನೆಯಲ್ಲಿ ಕೂತರೆ ಏನಾಗಬೇಕೋ ಅದೇ ಆಯಿತು. ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದವು, ಚಾಕುಗಳೆಲ್ಲ ಸಾಣೆ ಹಿಡಿಸಿಕೊಂಡವು. ಹೆಂಡತಿ ಇದ್ದಿದ್ದರೆ ಗದರಿಸಿ ಹೊರಗೆ ಕಳಿಸುತ್ತಿದ್ದಳು, ಆದರೆ ಅವಳು ತೀರಿಕೊಂಡು ಬಹಳ ಕಾಲವಾಗಿತ್ತು. ಅಷ್ಟರಲ್ಲಿ ಮಗಳ ಹೆರಿಗೆ ರಜೆ ಮುಗಿಯಿತು. ಅವಳು ಚಪ್ಪಲಿ ತಯಾರಿಸುವ ಕಂಪನಿಯಲ್ಲಿ ಮೇಲ್ವಿಚಾರಕಿ. ಅಳಿಯ ಲಾರಿ ಓಡಿಸುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮಗುವನ್ನು ಬೇಬಿ ಸಿಟ್ಟಿಂಗ್‌ಗೆ ಬಿಡುವ ಮಾತು ಬಂದಾಗ ಇಕ್ಕಳಣ್ಣನಿಗೆ ಮೂಗಿನ ತುದಿಗೇ ಕೋಪ ಬಂತು. "ಇಡೀ ಕಾರ್ಖಾನೆಗೆ ಬೇಯಿಸಿ ಹಾಕಿದವನು ನಾನು. ಒಂದು ಮೊಮ್ಮಗಳನ್ನ ನೋಡಿಕೊಳ್ಳೋದು ನನಗೆ ಹೆಚ್ಚಾ?" ಎಂದ. ಮಗಳು ಒಪ್ಪಿದಳು. ಅಂದಿನಿಂದ ಅವನ ನಡಿಗೆಯೇ ಬೇರೆಯಾಯಿತು.

ತೊಂದರೆ ಬಂದದ್ದು ಮಗುವಿನ ಚರ್ಮದಿಂದ. ಕೆನ್ನೆ ಕೆಂಪಾಗಿ ಒರಟಾಯಿತು, ಕತ್ತಿನ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಒಣ ಪಟ್ಟೆಗಳು ಎದ್ದವು. ಮಗು ಹೊದಿಕೆಗೆ ಕೆನ್ನೆ ಉಜ್ಜಿ ಉಜ್ಜಿ ನಿದ್ದೆಗೆಟ್ಟು ಅಳುತ್ತಿತ್ತು. ಡಾಕ್ಟರಮ್ಮ ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು: "ಗಾಬರಿ ಬೇಡ. ಓಟ್ಸ್ ಸ್ನಾನ ಮಾಡಿಸಿ. ಸಕ್ಕರೆ, ವಾಸನೆ ಏನೂ ಬೆರೆಸದ ಬರೀ ಓಟ್ಸ್, ನುಣ್ಣಗೆ ಪುಡಿ ಮಾಡಿ ಉಗುರುಬೆಚ್ಚಗಿನ ನೀರಿಗೆ ಹಾಕಿ. ಸ್ವಲ್ಪ ಹೊತ್ತು ಕೂರಿಸಿದರೆ ಸಾಕು. ಉಜ್ಜಬೇಡಿ, ಮೆತ್ತಗಿನ ಬಟ್ಟೆ ಒತ್ತಿ ಒರೆಸಿ, ಮೈ ಹಸಿ ಇರುವಾಗಲೇ ಮುಲಾಮು ಹಚ್ಚಿ. ನೀರಿನ ಬಿಸಿ ಮಾತ್ರ ಮೊಣಕೈ ಅದ್ದಿ ನೋಡಿ."

ಓಟ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಕ್ಕಳಣ್ಣನ ಒಳಗಿನ ಅಡುಗೆಯವನು ಎದ್ದು ಕೂತ. ಉಳಿದದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡ. ಮನೆಗೆ ಬಂದವನೇ ಸೊಂಟಕ್ಕೆ ಬಟ್ಟೆ ಬಿಗಿದು ಓಟ್ಸನ್ನು ಬೇಯಿಸಿಬಿಟ್ಟ. ಗಂಟಿಲ್ಲ, ತಳ ಹಿಡಿದಿಲ್ಲ, ಎಂಥ ಗಂಜಿ ಅಂತೀರಿ! ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಗಿತ್ತು, ಪುಣ್ಯಕ್ಕೆ ಅಲ್ಲೇ ತಡೆದ. ಆರಿಸಿ ಟಬ್ಬಿಗೆ ಸುರಿದು ಮಗುವನ್ನು ಕೂರಿಸಿದರೆ ಮಗುವಿನ ತೊಡೆ, ಹೊಟ್ಟೆ, ಕಿವಿಯ ಹಿಂದೆ ಎಲ್ಲ ಗಂಜಿಯೋ ಗಂಜಿ. ಬಚ್ಚಲಿನ ಕೊಳವೆ ಕಟ್ಟಿಕೊಂಡಿತು. ಸಂಜೆ ಕೆಲಸದಿಂದ ಬಂದ ಮಗಳು ನಕ್ಕೂ ನಕ್ಕೂ ಗೋಡೆ ಹಿಡಿದು ನಿಂತಳು. "ಅಪ್ಪಾ, ಇವಳಿಗೆ ಸ್ನಾನ ಮಾಡಿಸು ಅಂದ್ರು, ಒಗ್ಗರಣೆ ಹಾಕು ಅನ್ನಲಿಲ್ಲ!"

ಒಂದು ಸಲ ತಪ್ಪಿದ್ದನ್ನು ಇನ್ನೊಂದು ಸಲ ತಪ್ಪುವ ಜಾಯಮಾನ ಅವನದಲ್ಲ. ಮಾರನೆಯ ದಿನ ಓಟ್ಸನ್ನು ಮಿಕ್ಸಿಯಲ್ಲಿ ಹಾಗೇ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ. ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿ ಕಲಕಿದ. ನೀರು ಹಾಲಿನ ಬಣ್ಣಕ್ಕೆ ತಿರುಗಿತು, ತಳದಲ್ಲಿ ಏನೂ ಕೂರಲಿಲ್ಲ. ಓಟ್ಸ್ ನೀರಲ್ಲಿ ಮಗು ಜಾರುತ್ತದೆಂದು ಟಬ್ಬಿನ ತಳಕ್ಕೆ ಹಳೆಯ ಟವೆಲು ಹಾಸಿದ, ಮಗುವಿನ ಕಂಕುಳಡಿಯಿಂದ ಒಂದು ಕೈ ತೆಗೆಯಲೇ ಇಲ್ಲ. ಒತ್ತಿ ಒರೆಸಿದ, ಮುಲಾಮು ಹಚ್ಚಿದ. ಎಲ್ಲವೂ ಅಚ್ಚುಕಟ್ಟು. ಮೊಣಕೈ ವಿಷಯಕ್ಕೆ ಮಾತ್ರ ಮೂಗು ಮುರಿದ. "ಮೊಣಕೈಯಲ್ಲಿ ನೋಡಬೇಕಂತೆ! ಹಾಲಿನ ಹದ ಬೆರಳಲ್ಲಿ ಹೇಳೋನು ನಾನು." ನೀರಿಗೆ ಅಂಗೈ ಅದ್ದಿ, "ಬೆಚ್ಚಗಿದೆ ಅಷ್ಟೆ" ಎಂದು ತನಗೆ ತಾನೇ ಮೆಚ್ಚುಗೆ ಸೂಚಿಸಿಕೊಂಡ.

ನೀರಿಗೆ ಇಳಿಸಿದ ಕೂಡಲೇ ಮಗು ಕಿಟಾರನೆ ಕಿರುಚಿತು. ಇಕ್ಕಳಣ್ಣ ಅಲುಗಲಿಲ್ಲ. ಮನೆಯಲ್ಲಿ ಇದಕ್ಕೊಂದು ಹಳೆಯ ಕಥೆಯೇ ಇತ್ತು. ಮಗಳು ಚಿಕ್ಕವಳಿದ್ದಾಗ ಹೆಂಡತಿ ಬೆಳಗಿನ ಪಾಳಿಗೆ ಹೋಗುತ್ತಿದ್ದಳು, ಸ್ನಾನ ಮಾಡಿಸುವ ಕೆಲಸ ಇವನದೇ. ಆಗ ಮಗಳು ನೀರು ಕಂಡರೆ ಬೀದಿ ಒಂದು ಮಾಡುತ್ತಿದ್ದಳಂತೆ. "ಸ್ನಾನ ಅಂದ್ರೆ ಇವಳಷ್ಟು ಮೈಗಳ್ಳಿ ಇನ್ನೊಬ್ಬಳಿಲ್ಲ" ಎಂದು ಅವಳ ಮದುವೆ ಮನೆಯಲ್ಲೂ ಹೇಳಿ ಬೀಗರನ್ನು ನಗಿಸಿದ್ದ. ಈಗ ಮೊಮ್ಮಗಳಿಗೂ ಅದೇ ಮಾತು: "ನಿನ್ನಮ್ಮನ ಥರಾನೇ ನೀನು. ಸುಮ್ಮನೆ ಗಲಾಟೆ."

ಆದರೆ ಚರ್ಮ ವಾಸಿಯಾಗಲಿಲ್ಲ. ಭಾನುವಾರ ಮಗಳೇ ಸ್ನಾನ ಮಾಡಿಸುತ್ತಿದ್ದಳು, ಅವತ್ತು ಕೆಂಪು ಇಳಿಯುತ್ತಿತ್ತು. ವಾರ ಶುರುವಾದರೆ ಮತ್ತೆ ಏರುತ್ತಿತ್ತು. ಅಮ್ಮ ಮನೆಯಲ್ಲಿದ್ದ ಖುಷಿ ಇರಬೇಕು ಎಂದು ಇಕ್ಕಳಣ್ಣ ಸಮಾಧಾನ ಮಾಡಿಕೊಂಡ. ಮಗಳು ಹಾಗೆ ಸಮಾಧಾನ ಮಾಡಿಕೊಳ್ಳುವವಳಲ್ಲ. ಒಂದು ಭಾನುವಾರ ಮಧ್ಯಾಹ್ನ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಅಪ್ಪನ ಮುಖ ನೋಡದೆ ಹೇಳಿದಳು: "ನಾಳೆಯಿಂದ ಬೇಬಿ ಸಿಟ್ಟಿಂಗ್‌ಗೆ ಬಿಡ್ತೀನಪ್ಪಾ. ನಿನ್ನ ತಪ್ಪು ಅಂತಲ್ಲ. ಒಂದು ಬದಲಾವಣೆ ಮಾಡಿ ನೋಡೋಣ."

ಮಗು ಹೋದರೆ ಈ ಮನೆಯಲ್ಲಿ ಇಕ್ಕಳಣ್ಣನಿಗೆ ಉಳಿಯುವುದು ಡಬ್ಬಿಗಳು ಮಾತ್ರ. ವಾದ ಮಾಡುವ ಮುಂಚೆ ಟೀ ಮಾಡೋಣ ಎಂದು ಎದ್ದ. ಅಡುಗೆಯವರ ಬುದ್ಧಿಯೇ ಅಷ್ಟು, ಬಾಯಿಗೆ ಮಾತು ಬಾರದಿದ್ದರೆ ಒಲೆ ಹಚ್ಚುತ್ತಾರೆ. ಸ್ಟೀಲ್ ಲೋಟಕ್ಕೆ ಟೀ ಬಗ್ಗಿಸಿ ತಂದು ಮಗಳ ಕೈಗಿಟ್ಟ. ಮಗುವನ್ನು ಆಗಷ್ಟೇ ಹಾಸಿಗೆಗೆ ಮಲಗಿಸಿ ಬಂದಿದ್ದಳು. ಹಿಡಿದ ಮರುಕ್ಷಣವೇ ಲೋಟ ಕೈಬಿಟ್ಟು ನೆಲಕ್ಕೆ ಬಿತ್ತು.

"ಅಯ್ಯೋ! ಸುಡ್ತಿದೆಯಲ್ಲಪ್ಪಾ!"

"ಎಲ್ಲಿ ಸುಡುತ್ತೆ? ಬೆಚ್ಚಗಿದೆ ಅಷ್ಟೆ" ಎಂದ ಇಕ್ಕಳಣ್ಣ.

ಎಂದವನು ಹಾಗೇ ನಿಂತುಬಿಟ್ಟ. ದಿನಾ ಬಚ್ಚಲಿನಲ್ಲಿ ಹೇಳುವ ಮಾತೂ ಇದೇ. ಮಗಳ ಬೆರಳುಗಳು ಕೆಂಪಗಾಗಿದ್ದವು. ತನ್ನ ಕೈ ನೋಡಿಕೊಂಡ, ಅದಕ್ಕೆ ಏನೂ ಆಗಿರಲಿಲ್ಲ. ನೆಟ್ಟಗೆ ಬಚ್ಚಲಿಗೆ ಹೋಗಿ ಟಬ್ಬಿಗೆ ಬಿಸಿನೀರು, ತಣ್ಣೀರು ಎಂದಿನಂತೆ ಬೆರೆಸಿದ. ಅಂಗೈ ಅದ್ದಿದ: ಬೆಚ್ಚಗೆ, ಹದವಾಗಿ. ಆಮೇಲೆ ಅಂಗಿಯ ತೋಳು ಮೇಲೆತ್ತಿ ಮೊಣಕೈ ಇಳಿಸಿದ. ಚುರ್ರೆಂದಿತು. ಸರಕ್ಕನೆ ಎಳೆದುಕೊಂಡ.

ಬಚ್ಚಲಿನ ಮಣೆಯ ಮೇಲೆ ಕೂತ. ಓಟ್ಸ್ ತನ್ನ ಕೆಲಸ ಮಾಡುತ್ತಿತ್ತು, ಅದರ ಕೆಲಸವನ್ನು ತಾನೇ ಕೆಡಿಸುತ್ತಿದ್ದ. ಬಿಸಿನೀರು ಆ ಮೆತ್ತನೆಯ ಚರ್ಮವನ್ನು ದಿನಾ ಒಣಗಿಸುತ್ತಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಇನ್ನೊಂದು ವಾರ ಕೊಡು ಎಂದು ಮಗಳನ್ನು ಗೋಗರೆದು, ಗುಟ್ಟಾಗಿ ಮೊಣಕೈ ಅದ್ದಿದರೆ ಚರ್ಮವೂ ವಾಸಿ, ಮಾನವೂ ಉಳಿಯಿತು. ಹೇಳಿದರೋ, ಮಗು ನಾಳೆಯೇ ಹೊರಟಿತು. ಯಾವ ತಾಯಿ ತಾನೇ ಇಂಥ ಕೈಗೆ ಮಗು ಕೊಟ್ಟಾಳು? ಆದರೆ ಹಾಳಾದ ಅಡುಗೆಯನ್ನು ಮೇಲೆ ಕೊತ್ತಂಬರಿ ಉದುರಿಸಿ ಬಡಿಸಿದವನಲ್ಲ ಅವನು. ಎದ್ದು ಕೂಗಿದ.

"ಬಾ ಇಲ್ಲಿ. ಇದಕ್ಕೆ ಕೈ ಹಾಕು."

ಮಗಳು ಬೆರಳದ್ದಿ ತೆಗೆದಳು. "ಇದೇನಕ್ಕೆ, ಬಟ್ಟೆ ನೆನೆಸೋಕಾ?"

"ಮಗೂಗೆ. ನನ್ನ ಹದ ಇದು. ದಿನಾ ಇದೇ ನೀರು." ಎರಡೂ ಅಂಗೈ ಚಾಚಿ ತೋರಿಸಿದ. "ನನ್ನ ಕೈಗೆ ಬಿಸಿ ಗೊತ್ತಾಗೋದಿಲ್ಲಮ್ಮಾ. ಒಲೆ ಮುಂದೆ ಸತ್ತು ಹೋಗಿದೆ. ಡಾಕ್ಟರಮ್ಮ ಹೇಳಿದ್ರು, ನಾನು ಕೇಳಲಿಲ್ಲ."

ಅವಳ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಮಗುವಿನ ಪಕ್ಕ ಕೂತಳು. ಇಕ್ಕಳಣ್ಣ ಚೆಲ್ಲಿದ ಟೀ ಒರೆಸಿದ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಬಹಳ ಹೊತ್ತಿನ ಮೇಲೆ ಅವಳು ಬಾಗಿಲಿಗೆ ಬಂದು ನಿಂತಳು.

"ಅಪ್ಪಾ, ನಾನು ಚಿಕ್ಕವಳಿದ್ದಾಗ ನೀರು ಕಂಡ್ರೆ ಅಳ್ತಿದ್ದೆ ಅಂತಿದ್ದೆಯಲ್ಲ."

ಅವನ ಕೈಯ ಬಟ್ಟೆ ಅಲ್ಲೇ ನಿಂತಿತು. ಇದು ಅವನಿಗೆ ಹೊಳೆದೇ ಇರಲಿಲ್ಲ.

"ಮದುವೆ ಮನೆಯಲ್ಲೂ ಹೇಳಿ ನಗಿಸಿದೆ. ಮೈಗಳ್ಳಿ ಅಂತ ಹೆಸರಿಟ್ಟೆ" ಎಂದಳು. ತುಟಿ ಬಿಗಿಯಾಗಿತ್ತು, ಆಮೇಲೆ ತಡೆಯಲಾರದೆ ನಕ್ಕೇಬಿಟ್ಟಳು. "ನನ್ನನ್ನ ಬೇಯಿಸ್ತಿದ್ದೆಯಲ್ಲೋ ಅಪ್ಪಾ!"

ಇಕ್ಕಳಣ್ಣನಿಗೆ ನಗು ಬರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈಯಲ್ಲಿ ಟೀ ಒರೆಸಿದ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಮಗಳು ಅವನ ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಚಿದಳು. "ಅಳೋದು ಆಮೇಲೆ. ನಡಿ, ಹದ ಕಲಿ." ತಣ್ಣೀರು ಸುರಿಯುತ್ತ, ಅವನ ಮೊಣಕೈ ಮತ್ತು ಅವಳ ಮಣಿಕಟ್ಟು ಎರಡೂ ಒಪ್ಪುವ ತನಕ ಅದ್ದಿ ತೆಗೆದರು. ಬೇಬಿ ಸಿಟ್ಟಿಂಗ್ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಕೇಳುವ ಧೈರ್ಯ ಅವನಿಗೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿ, ಮಗುವಿನ ತಲೆ ಸವರಿ, ಅದನ್ನು ಅಪ್ಪನ ತೋಳಿಗೆ ಕೊಟ್ಟಳು. "ಹೋಗ್ಬರ್ತೀನಿ" ಎಂದಳು, ಅಷ್ಟೇ. ತಿರುಗಿಯೂ ನೋಡಲಿಲ್ಲ.

ಇಕ್ಕಳಣ್ಣ ಪುಡಿ ಬೆರೆಸಿದ, ಮೊಣಕೈ ಅದ್ದಿದ, ಸರಿಯಾಗಿದೆ ಅನ್ನಿಸಿತು. ಮಗುವನ್ನು ಇಳಿಸುತ್ತಿದ್ದಂತೆ ಅದು ಮುಖ ಕಿವುಚಿ ಕುಂಯ್ ಎಂದಿತು. ಕೂಡಲೇ ಎತ್ತಿಕೊಂಡು, ಇನ್ನೊಂದು ಚೊಂಬು ತಣ್ಣೀರು ಸುರಿದು, ಮತ್ತೆ ಅದ್ದಿ ನೋಡಿ, ಮತ್ತೆ ಇಳಿಸಿದ. ಮಗು ಸುಮ್ಮನಾಯಿತು. ಹಾಲಿನಂಥ ನೀರನ್ನು ಎರಡೂ ಕೈಯಿಂದ ಪಟಪಟ ಬಡಿದು ಅಜ್ಜನ ಮುಖಕ್ಕೆಲ್ಲ ಹಾರಿಸಿತು.

"ನಿನ್ನಮ್ಮನ ಥರಾನೇ ನೀನು" ಎಂದ ಇಕ್ಕಳಣ್ಣ. "ಅವಳೂ ಸರಿಯಾಗೇ ಹೇಳ್ತಿದ್ದಳು."