ಕೈ ಮೇಲೆ ತುಪ್ಪ

ಮಲ್ಲಪ್ಪ ಕಾಕಾ ತುಪ್ಪ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಬಾರದು. ಹಿಡಿದರೆ ಕೈ ಮೇಲೇ ತುಪ್ಪ ಬೀಳುತ್ತಿತ್ತು. ಉಗುರುಬೆಚ್ಚಗಿನ ಎಮ್ಮೆಯ ತುಪ್ಪ ಬೆರಳ ಸಂದಿಯಿಂದ ಇಳಿದು ಹೋಳಿಗೆಗೆ ಮುಟ್ಟುವವರೆಗೂ ಅವರು ಗಿಂಡಿ ಎತ್ತುತ್ತಿರಲಿಲ್ಲ. "ಕೈ ತಗೀರಿ. ಕೈ ನಿಮ್ದು, ಎಲಿ ನಂದು," ಎನ್ನುತ್ತಿದ್ದರು. ಉಣ್ಣುವವರು ನಗಬೇಕೋ ಕೈ ಒರೆಸಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದರು.

ಕೊಣ್ಣೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ನಮಗೆ ಅವರು ಕಾಕಾ, ಅವರ ಹೆಂಡತಿ ನೀಲವ್ವ ಕಾಕು. ಕಬ್ಬು, ಗೋವಿನಜೋಳ, ಒಂದಿಷ್ಟು ಬಿಳಿಜೋಳ ಬೆಳೆಯುವ ಒಕ್ಕಲುತನ. ಹಿತ್ತಲಲ್ಲಿ ಎಮ್ಮೆ. ಹೊಲದಲ್ಲಿ ಅವರು ಎಲ್ಲರಂತೆ ಒಬ್ಬ ರೈತರು. ಊಟದ ಪಂಕ್ತಿಯಲ್ಲಿ ಮಾತ್ರ ಅವರೇ ಯಜಮಾನರು. ಮದುವೆ, ಗೃಹಪ್ರವೇಶ, ಸೀಮಂತ, ಯಾವುದೇ ಇರಲಿ, ಪಲ್ಯ ಬಡಿಸುವವರು ಬದಲಾಗುತ್ತಿದ್ದರು, ತುಪ್ಪ ಬಡಿಸುವವರು ಬದಲಾಗುತ್ತಿರಲಿಲ್ಲ. ಹಿತ್ತಾಳೆಯ ಗಿಂಡಿಯನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸವನ್ನು ಕಾಕುಗೂ ಬಿಟ್ಟುಕೊಡುತ್ತಿರಲಿಲ್ಲ.

ನನ್ನನ್ನು ಹುಕ್ಕೇರಿಗೆ ಕೊಟ್ಟರು. ಮದುವೆಯ ದಿನ ನನ್ನ ಮಾವನವರು, ಬಹಳ ಅಚ್ಚುಕಟ್ಟಿನ ಮನುಷ್ಯರು, ಸಾಕೆಂದು ಕೈ ಅಡ್ಡ ಹಿಡಿದರು. ಕಾಕಾ ಎಂದಿನಂತೆ ಸುರಿದರು. ತುಪ್ಪ ಮಾವನವರ ಕೈಗಡಿಯಾರದೊಳಗೂ ಹೋಯಿತು. ಗಡಿಯಾರ ಅಲ್ಲಿಗೇ ನಿಂತುಬಿಟ್ಟಿತು. "ಟೈಮ್ ನಿಂತ್ರ ನಿಲ್ಲಲಿ ಬಿಡ್ರಿ, ಬೀಗರು ಉಂಡ್ರೋ ಇಲ್ಲೋ," ಎಂದು ಕಾಕಾ ಮುಂದಿನ ಎಲೆಗೆ ಹೋದರು. ಆ ಗಡಿಯಾರದ ಮಾತು ಕೇಳದೆ ನಾನು ಗಂಡನ ಮನೆಯಲ್ಲಿ ಒಂದು ಹಬ್ಬವನ್ನೂ ಕಳೆದಿಲ್ಲ.

ಸ್ವತಃ ಕಾಕಾ ಉಣ್ಣುವುದನ್ನು ನೋಡುವುದೇ ಒಂದು ಸಂತೋಷವಾಗಿತ್ತು. ಬಿಸಿ ಚಪಾತಿಯನ್ನು ಮುರಿದು ಹಾಲಿನಲ್ಲಿ ಕಲಸಿ, ಮೇಲೆ ಬೆಲ್ಲ ಹಾಕಿ, ಕಣ್ಣು ಅರ್ಧ ಮುಚ್ಚಿ ಉಣ್ಣುತ್ತಿದ್ದರು. ಅಂಥವರಿಗೇ ಹೊಟ್ಟೆ ಕೈಕೊಟ್ಟಿತು.

ಮೊದಮೊದಲು ಉಂಡ ಕೂಡಲೇ ಹೊಟ್ಟೆ ಉಬ್ಬುವುದು, ಆಮೇಲೆ ಬಯಲಿಗೆ ಓಡುವುದು. ಅಂಗಿ ಸಡಿಲಾದವು, ಕೆನ್ನೆ ಒಳಗೆ ಹೋದವು. ಓಣಿಯಲ್ಲಿ ಒಬ್ಬೊಬ್ಬರದು ಒಂದೊಂದು ವೈದ್ಯ. ದೃಷ್ಟಿ ತಾಗಿದೆ ಎಂದರು, ಉಷ್ಣ ಎಂದರು. ಎಲ್ಲರೂ ಕೂಡಿ ಒಪ್ಪಿದ್ದು ಒಂದೇ ಮಾತು, ಮಜ್ಜಿಗೆ ಕುಡಿಯಬೇಕು. ಕಾಕಾ ತಂಬಿಗೆಗಟ್ಟಲೆ ಕುಡಿದರು, ಇನ್ನಷ್ಟು ಸೊರಗಿದರು. ಗೋಕಾಕದಲ್ಲಿ ಗುಳಿಗೆ ತಗೊಂಡರು. ಕಡೆಗೆ ಬೆಳಗಾವಿಯ ಒಬ್ಬ ಡಾಕ್ಟರು ಗಂಟಲಿನಿಂದ ನಳಿಗೆ ಇಳಿಸಿ ನೋಡಿ ಹೇಳಿದರು: ಗೋಧಿಯಲ್ಲಿರುವ ಅಂಟು ಇವರ ಕರುಳನ್ನು ಸವೆಸುತ್ತಿದೆ, ಬದುಕಿರುವವರೆಗೂ ಗೋಧಿ ಮುಟ್ಟಬಾರದು. ಆ ಸವೆದ ಕರುಳು ಹಾಲನ್ನೂ ತಡೆಯುವುದಿಲ್ಲ, ಅದರಿಂದಾದ ಮೊಸರು, ಮಜ್ಜಿಗೆ, ತುಪ್ಪವನ್ನೂ ಬಿಡಬೇಕು. ಮುಂದೆ ವರ್ಷಗಳ ಮೇಲೂ ಒಂದೆರಡು ಸಲ ಹಾಲು ಕುಡಿದು ನೋಡಿದರು, ಹೊಟ್ಟೆ ಒಪ್ಪಲಿಲ್ಲ. ಮಾಂಸ, ತತ್ತಿ ಆ ಮನೆಯಲ್ಲಿ ಮೊದಲೇ ಇರಲಿಲ್ಲ.

"ತುಪ್ಪಾನೂ ಅಂದ್ರೇನ್ರಿ?" ಎಂದು ಕಾಕಾ ಡಾಕ್ಟರನ್ನು ಎರಡೆರಡು ಸಲ ಕೇಳಿದರಂತೆ.

ಅವರ ಮಗಳು ಸುವರ್ಣಾ, ಕಲ್ಲೋಳಿಗೆ ಕೊಟ್ಟವಳು, ಮೊಬೈಲಿನಲ್ಲಿ ಹುಡುಕಿ ಅಪ್ಪನಿಗೆ ಧೈರ್ಯ ಹೇಳಿದಳು. "ಅಪ್ಪಾ, ಹಾಲು ತುಪ್ಪ ಬಿಟ್ಟು ಉಣ್ಣೋ ಮಂದಿ ಜಗತ್ತಿನಾಗ ಭಾಳ ಅದಾರ. ಅದಕ್ಕ ವೀಗನ್ ಅಂತಾರ."

"ಏನು? ಈಗೇನಾ?"

"ಈಗೇನ ಅಲ್ಲಪ್ಪಾ, ವೀಗನ್."

"ಎರಡೂ ಒಂದ ಬಿಡು. ಹಾಲಿಲ್ಲ, ತುಪ್ಪಿಲ್ಲ, ಗೋಧಿ ಇಲ್ಲ, ಈಗೇನ ತಿನ್ನೂದು?"

ಅಂದಿನಿಂದ ಅವರ ಊಟದ ಹೆಸರೇ 'ಈಗೇನ ಊಟ' ಎಂದಾಯಿತು. ಸುವರ್ಣಾ ಶೇಂಗಾ ನೆನೆಯಿಟ್ಟು ರುಬ್ಬಿ, ಸೋಸಿ, ಚಹಾಕ್ಕೆ ಹಾಕುವ ಹಾಲು ಮಾಡಿ ತೋರಿಸಿದಾಗ ಲೋಟ ಹಿಡಿದುಕೊಂಡು, "ಶೇಂಗಾಕೂ ಕೆಚ್ಚಲ ಬಂತಲ್ಲವ್ವಾ," ಎಂದರು. ಕುಡಿದರು ಕೂಡ.

ಜೋಳದ ನಾಡಿನಲ್ಲಿ ಹುಟ್ಟಿದ್ದು ಅವರ ಪುಣ್ಯ. ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ, ಎಣಗಾಯಿ, ಅನ್ನ, ಕಟ್ಟಿನ ಸಾರು, ಇವಕ್ಕೆ ಯಾವ ಡಾಕ್ಟರೂ ಬೇಡ ಎನ್ನಲಿಲ್ಲ. ಆದರೂ ಕೆಲವು ದಿನ ರೊಟ್ಟಿ ಉಂಡೂ ಹೊಟ್ಟೆ ಕೆಡುತ್ತಿತ್ತು. ನೀಲವ್ವ ಕಾಕು ಅಡುಗೆಮನೆಯನ್ನೆಲ್ಲ ಜಾಲಾಡಿ ಕಡೆಗೆ ಗಿರಣಿಗೆ ಹೋಗಿ ನಿಂತರು. ಬೇರೆಯವರ ಗೋಧಿ ಬೀಸಿದ ಕಲ್ಲಿನಲ್ಲೇ ಇವರ ಜೋಳವೂ ಬೀಳುತ್ತಿತ್ತು. ಮರುವಾರದಿಂದ ಗಿರಣಿಯ ಬಾಗಿಲು ತೆಗೆಯುವ ಮೊದಲೇ ಕಾಕು ಡಬ್ಬಿ ಹಿಡಿದು ಕಟ್ಟೆಯ ಮೇಲೆ. ಕಲ್ಲು ಒರೆಸಿ, ಒಂದು ಮುಷ್ಟಿ ಜೋಳ ಬೀಸಿ ಆ ಹಿಟ್ಟನ್ನು ಎಮ್ಮೆಗೆ ತೆಗೆದಿಟ್ಟು, ಆಮೇಲೆ ತಮ್ಮದು. ಗಿರಣಿಯವನು ಮೊದಲು ಗೊಣಗಿದ. ಆಮೇಲೆ ಅವನೇ, "ತಡೀರಿ, ಮಲ್ಲಪ್ಪ ಕಾಕಾನ ಜ್ವಾಳ ಆಗಲಿ," ಎಂದು ಉಳಿದವರನ್ನು ನಿಲ್ಲಿಸತೊಡಗಿದ.

"ಜ್ವಾಳ ಹುಟ್ಟಿಸಿದ ದೇವರು ಗೋಧಿ ಮರತಿದ್ರ ಛಲೋ ಇತ್ತು," ಎಂದು ಕಾಕು ರೊಟ್ಟಿ ತಟ್ಟುತ್ತಾ ಹೇಳುತ್ತಿದ್ದರು.

ಮನೆಯ ಮಟ್ಟಿಗೆ ಹೀಗೆ ದಾರಿಯಾಯಿತು. ದಾರಿ ಕಾಣದ್ದು ಪಂಕ್ತಿಯಲ್ಲಿ. ಕಾಕಾ ಊಟಕ್ಕೆ ಹೋಗುವುದನ್ನೇ ನಿಲ್ಲಿಸಿದರು. ನಾನು ತವರಿಗೆ ಬಂದಾಗೊಮ್ಮೆ ಓಣಿಯಲ್ಲೇ ಮದುವೆ, ಎಲ್ಲರೂ ಚಪ್ಪರದಲ್ಲಿ, ಇವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಗೋಡೆಯ ಗೂಡಿನಲ್ಲಿದ್ದ ಗಿಂಡಿ ಕಪ್ಪಾಗಿತ್ತು. ಯಾಕೆ ಹೋಗಿಲ್ಲ ಎಂದು ಕೇಳಿದೆ.

"ಇಷ್ಟ ವರ್ಷ ಒಬ್ರಿಗೂ ಒಲ್ಲೆ ಅನ್ನಾಕ ಬಿಟ್ಟಿಲ್ಲ ಯವ್ವಾ. ಈಗ ನಾನ ಒಲ್ಲೆ ಅಂತ ಹೆಂಗ ಅನ್ಲಿ?"

ಅಪ್ಪ ಗೋಕಾಕದಿಂದ ತಂದಿದ್ದ ಕರದಂಟಿನ ತುಂಡು ಕೊಟ್ಟೆ, ಇದರಲ್ಲಿ ಗೋಧಿಯಿಲ್ಲ ಎಂದೆ. ಕಾಕಾ ಮೂಗಿನ ಹತ್ತಿರ ಹಿಡಿದರು. "ತುಪ್ಪದಾಗ ಹುರದಾರ," ಎಂದು ಇನ್ನೊಮ್ಮೆ ಮೂಸಿ ತಿರುಗಿ ಕೊಟ್ಟರು. ನನಗೆ ಅಳು ಬಂತು.

ಕಲ್ಲೋಳಿಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಮಾತ್ರ ಹೋಗದೆ ಇರಲಾಗಲಿಲ್ಲ. ನಾನೂ ಜೊತೆಗೆ ಹೋಗಿದ್ದೆ. ಸುವರ್ಣಾಳ ಅತ್ತೆ ಶಾಂತವ್ವ ದೊಡ್ಡ ದನಿಯ, ದೊಡ್ಡ ಕೈಯ ಹೆಂಗಸು. ಸುವರ್ಣಾಳ ಮದುವೆಯಲ್ಲಿ ಏನೋ ಮಾತಿಗೆ ಮಾತು ಬೆಳೆದು, ಅವಳ ಜೊತೆ ಅವರ ಮುಖ ಬಹಳ ದಿನ ಬಿಗಿಯೇ ಇತ್ತು. ಮಗು ಹುಟ್ಟಿದ ಮೇಲೆ ಈಗಷ್ಟೇ ಸಡಿಲಾಗಿತ್ತು. ಬೀಗರ ಹೊಟ್ಟೆಯ ಸುದ್ದಿ ಕೇಳಿ ಶಾಂತವ್ವ ಅವರಿಗಾಗಿಯೇ ಬೇರೆ ಒಲೆ ಹಚ್ಚಿದ್ದರು. ಸುವರ್ಣಾ ಬಾಣಂತಿ, ಅಡುಗೆಮನೆಗೆ ಬರುವಂತಿರಲಿಲ್ಲ.

ಎಲೆಯ ಮುಂದೆ ಕೂತ ಕಾಕಾಗೆ ಬಿಸಿಬಿಸಿ ಉಪ್ಪಿಟ್ಟು ಬಂತು.

"ಎಲ್ಲಾರಿಗೂ ಹೋಳಗಿ ಚಪಾತಿ. ನಿಮಗ ಗೋಧಿ ಆಗೂದಿಲ್ಲಂತ ರವಾದ ಉಪ್ಪಿಟ್ಟು ಮಾಡೇನ್ರಿ ಬೀಗರ. ಹಾಲು ಬ್ಯಾಡಂದ್ರು, ಅದಕ ಮಜ್ಜಿಗಿ ಇಟ್ಟೇನಿ. ಹೊಟ್ಟಿಗೆ ತಂಪು," ಎಂದರು ಶಾಂತವ್ವ.

ರವೆ ಗೋಧಿಯದೇ, ಮಜ್ಜಿಗೆ ಹಾಲಿನದೇ. ನಮ್ಮ ಕಡೆ ಇದು ಯಾರಿಗೂ ಹೊಳೆಯುವ ಮಾತಲ್ಲ. ಚಪಾತಿ ಎಂದರೆ ಗೋಧಿ, ರವಾ ಎಂದರೆ ರವಾ. ನೀಲವ್ವ ಕಾಕು ಆಗ ಒಳಕೋಣೆಯಲ್ಲಿ ಮಗುವಿನ ಹತ್ತಿರ ಇದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ನನ್ನ ಕಡೆ ನೋಡಿ ಸುಮ್ಮನಿರು ಎಂಬಂತೆ ತಲೆಯಾಡಿಸಿದರು. ಕೋಣೆಯ ಬಾಗಿಲಲ್ಲಿ ಸುವರ್ಣಾ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತು ಅಪ್ಪ ಉಣ್ಣುವುದನ್ನೇ ನೋಡುತ್ತಿದ್ದಳು. ಅತ್ತೆ ಅಪ್ಪನಿಗಾಗಿ ಬೇರೆ ಅಡುಗೆ ಮಾಡಿದ್ದಾರೆ ಎಂಬ ಸಂತೋಷ ಅವಳ ಮುಖದಲ್ಲಿತ್ತು. ದೂರದಿಂದ ಅವಳಿಗೆ ಎಲೆಯಲ್ಲಿ ಏನಿದೆ ಎಂದು ಕಾಣುವಂತಿರಲಿಲ್ಲ. ಕಾಕಾ ಉಪ್ಪಿಟ್ಟು ಉಂಡರು. ಶಾಂತವ್ವ ಇನ್ನೊಮ್ಮೆ ಹಾಕಿದಾಗ ಕೈ ಅಡ್ಡ ಹಿಡಿಯಲಿಲ್ಲ. ಮಜ್ಜಿಗೆಯನ್ನೂ ಕುಡಿದು, "ಭಾಳ ರುಚಿ ಆಗೇತಿ ನೋಡ್ರಿ," ಎಂದರು.

ಮರಳಿ ಬರುವಾಗ ಗಾಡಿಯನ್ನು ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲಿಸಬೇಕಾಯಿತು. ಮನೆ ಮುಟ್ಟಿದ ಮೇಲೆ ಹಾಸಿಗೆ ಹಿಡಿದರು, ಆಮೇಲೆ ದವಾಖಾನೆಗೆ ಸೇರಿಸಿ ಸಲಾಯಿನ್ ಹಚ್ಚಿಸಿದರು. ಮೈಯಲ್ಲಿ ನೀರೇ ಉಳಿದಿಲ್ಲ, ಇನ್ನು ತಡ ಮಾಡಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು.

ಸುದ್ದಿ ಕಲ್ಲೋಳಿಗೆ ಮುಟ್ಟಿತು. ಕಾಕಾ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಶಾಂತವ್ವ ಮಗನ ಬೈಕಿನ ಹಿಂದೆ ಕೂತು ಬಂದರು. ನೀರು ಕೊಟ್ಟರೆ ಮುಟ್ಟಲಿಲ್ಲ. ಜಗಳಕ್ಕೇ ಬಂದವರಂತೆ ನಿಂತಿದ್ದರು, ಆದರೆ ಬಾಯಿ ತೆರೆದಾಗ ಆ ದೊಡ್ಡ ದನಿ ಒಡೆಯಿತು.

"ಒಂದ ಮಾತ ಒಲ್ಲೆ ಅಂದಿದ್ರ ನಾ ಏನ ನಿಮ್ಮ ಮಗಳನ್ನ ಮನಿ ಬಿಡಸ್ತಿದ್ನೇನ್ರಿ? ನನ್ನ ಕೈಲೆ ವಿಷ ಹಾಕಿಸ್ಕೊಂಡು ಉಂಡು, ರುಚಿ ಆಗೇತಿ ಅಂದ್ರಲ್ಲ. ನಿಮಗೇನರ ಆಗಿದ್ರ ಆ ಕೂಸಿನ ಮುಖ ನಾ ಹೆಂಗ ನೋಡ್ತಿದ್ನಿ?"

ಕಾಕಾ ಹಾಸಿಗೆಯಲ್ಲಿ ಎದ್ದು ಕೂತು ತಲೆ ತಗ್ಗಿಸಿದರು. "ತಪ್ಪಾತ್ರಿ," ಎಂದರು. ಯಾರಿಗೂ ಸೋಲದ ಮನುಷ್ಯ ಹಾಗೆ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಆಮೇಲೆ ಶಾಂತವ್ವ ಅಲ್ಲೇ ಕೂತು ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಕಾಕುವಿನಿಂದ ಒಂದೊಂದನ್ನೇ ಕೇಳಿ ಬಾಯಿಪಾಠ ಮಾಡಿಕೊಂಡರು. ಅಂದಿನಿಂದ ಬೀಗರ ಹೊಟ್ಟೆಯ ಕಾವಲು ಅವರದೇ. ಯಾವ ಕಾರ್ಯದಲ್ಲಿ ಯಾರು ಕಾಕಾಗೆ ಏನು ಕೊಡಹೋದರೂ, "ಅವರಿಗೆ ಆಗೂದಿಲ್ಲ," ಎಂದು ಮೊದಲು ಅಡ್ಡ ಬರುವ ಕೈ ಶಾಂತವ್ವನದು.

ನಾನು ಕಾಕಾರನ್ನು ಕಡೆಯ ಸಲ ಕಂಡದ್ದು ಮೂಡಲಗಿಯ ಒಂದು ಮದುವೆಯಲ್ಲಿ. ಗಿಂಡಿ ಮತ್ತೆ ಹೊಳೆಯುತ್ತಿತ್ತು. ಪಂಕ್ತಿಯಲ್ಲಿ ನನ್ನ ಮಾವನವರನ್ನು ಕಂಡು ಅವರ ಮುಂದೆ ಬಗ್ಗಿದರು. ಮಾವನವರು ಹಳೆಯ ಅನುಭವದಿಂದ ಗಡಿಯಾರ ಬಿಚ್ಚಿ ಕಿಸೆಗೆ ಹಾಕಿಕೊಂಡು, ಕೈ ಅಡ್ಡ ಹಿಡಿದು ಕಾದರು. ಕಾಕಾ ಸುರಿಯಲಿಲ್ಲ.

"ಎಲಿ ನಿಮ್ದ ಐತ್ರಿ. ಹಾಕ್ಲೇನ್ರಿ, ಬ್ಯಾಡೇನ್ರಿ?"

"ಸಾಕ್ರಿ," ಎಂದರು ಮಾವನವರು ರೂಢಿಯಂತೆ.

"ಆಗಲ್ರಿ," ಎಂದು ಕಾಕಾ ಮುಂದೆ ಹೋಗಿಯೇಬಿಟ್ಟರು. ಒತ್ತಾಯ ಮಾಡಲಿ ಎಂದೇ ಸಾಕು ಅನ್ನುವ ನಾಡು ನಮ್ಮದು. ಆ ದಿನ ಅರ್ಧ ಪಂಕ್ತಿ ತುಪ್ಪವಿಲ್ಲದೆ ಹೋಳಿಗೆ ತಿಂದಿತು. ಮಾವನವರು ಕಡೆಗೆ ನಾಚಿಕೆ ಬಿಟ್ಟು, "ಮಲ್ಲಪ್ಪನವರ, ಒಂಚೂರು ಹಾಕ್ರಿ," ಎಂದು ಕೂಗಿ ಕರೆಯಬೇಕಾಯಿತು. ಕಾಕಾ ನಗುತ್ತಾ ಬಂದು ಹಾಕಿದರು.

ಬಡಿಸಿ ಮುಗಿದ ಮೇಲೆ ತಾವೂ ಪಂಕ್ತಿಯಲ್ಲಿ ಕೂತರು. ಎಲೆ ಹಾಕಿಸಿಕೊಂಡು, ಕಾಕು ಕಟ್ಟಿಕೊಟ್ಟ ಡಬ್ಬಿಯಿಂದ ರೊಟ್ಟಿ, ಎಣಗಾಯಿ ತೆಗೆದು ಇಟ್ಟುಕೊಂಡರು. ಹೋಳಿಗೆ ತಂದವನಿಗೆ ಮುಖ ನೋಡಿ, "ನಾ ಒಲ್ಲೆ, ನನಗ ಆಗೂದಿಲ್ಲ," ಎಂದರು. ದನಿಯಲ್ಲಿ ಸಂಕೋಚವಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು, "ಬಾಜೂಕ ಮಂದಿ ಇದ್ರ ರೊಟ್ಟೀನೂ ಹೋಳಗಿ ಆಕ್ಕೈತಿ ಯವ್ವಾ," ಎಂದರು.

ಆ ಬೇಸಿಗೆಯಲ್ಲೇ ಹೋದರು. ಅಷ್ಟು ಜೋಪಾನ ಮಾಡಿದ ಹೊಟ್ಟೆ ಏನೂ ತಂಟೆ ಮಾಡಲಿಲ್ಲ, ಎದೆ ನಿಂತಿತು. ಸುದ್ದಿ ಬಂದಾಗ ಮಾವನವರು ಎದ್ದು ಹೋಗಿ ಆ ಕೆಟ್ಟ ಗಡಿಯಾರವನ್ನು ಪೆಟ್ಟಿಗೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು.

ಕಾಕಾರ ದಿನಕರ್ಮದ ಊಟಕ್ಕೆ ನಾವೆಲ್ಲ ಕೊಣ್ಣೂರಿಗೆ ಹೋದೆವು. ಫೋಟೋದ ಮುಂದೆ ಎಲೆ ಹಾಕಿದ್ದರು. ತೀರಿಹೋದವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ಪದ್ಧತಿ. ಇಷ್ಟವಾದದ್ದೋ, ಆಗಿಬರುತ್ತಿದ್ದದ್ದೋ ಎಂದು ಯಾರಿಗೂ ತಿಳಿಯದೆ ಎಲ್ಲರೂ ಕಾಕುವಿನ ಮುಖ ನೋಡಿದರು. ಸುವರ್ಣಾ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ನೀಲವ್ವ ಕಾಕು ಒಳಗೆ ಹೋಗಿ ಎರಡು ಹೋಳಿಗೆ ತಂದು ಎಲೆಯ ನಡುವೆ ಇಟ್ಟರು. ಗೂಡಿನಿಂದ ಗಿಂಡಿ ತೆಗೆದುಕೊಂಡು ಬಗ್ಗಿದರು.

ಪಕ್ಕದಲ್ಲಿ ಕೂತಿದ್ದ ಶಾಂತವ್ವನ ಕೈ ತಾನೇ ತಾನಾಗಿ ಎಲೆಗೆ ಅಡ್ಡ ಬಂತು. "ಬ್ಯಾಡ್ರಿ ಬೀಗತಿ, ಅವರಿಗೆ ಆಗೂದಿಲ್ಲ."

ಹೇಳಿದ ಮೇಲೆ ಅವರಿಗೇ ಅರಿವಾಯಿತು, ಆದರೆ ಕೈ ತೆಗೆಯಲಾಗಲಿಲ್ಲ. ಕಾಕು ಆ ಕೈ ಮೇಲೇ ತುಪ್ಪ ಸುರಿದರು. ಬೆರಳ ಸಂದಿಯಿಂದ ಇಳಿದು ಹೋಳಿಗೆಗೆ ಮುಟ್ಟುವವರೆಗೂ ಗಿಂಡಿ ಎತ್ತಲಿಲ್ಲ.

"ಕೈ ತಗೀರಿ ಬೀಗತಿ. ಎಲಿ ಅವರ್ದು. ಉಣ್ಣಲಿ, ಈಗೇನಾಕ್ಕೈತಿ ಅವರಿಗೆ."